ಪಂಪೂ ಇಲ್ಲ, ವಾಲ್ವೂ ಇಲ್ಲ: ಒಣ ಹುಲ್ಲುಗಾವಲಿನಲ್ಲಿ ಕಾಡುಪ್ರಾಣಿಗಳಿಗೆ ನೀರು ನಿಲ್ಲಿಸಿದ ನನ್ನ ಅನುಭವ

ಬೇಸಿಗೆ ಮುಗಿದು ಮೊದಲ ಮಳೆ ಬಿದ್ದ ದಿನ ಮಳೆನೀರು ಹಿಡಿದಿಡುವ ನನ್ನ ನೆಲದೊಳಗಿನ ತೊಟ್ಟಿಗೆ ಕೋಲು ಇಳಿಸಿ ನೋಡಿದೆ. ಒಂದು ಮೊಳ ನೀರು ಇನ್ನೂ ಉಳಿದಿತ್ತು. ಇದು ಸತತ ಎರಡನೇ ವರ್ಷ. ಐದು ತಿಂಗಳು ಆಕಾಶದಿಂದ ಹನಿ ಬಿದ್ದಿರಲಿಲ್ಲ, ಹೊರಗಿನಿಂದ ನಾನು ಒಂದು ಬಕೆಟ್ ನೀರನ್ನೂ ತಂದು ಹಾಕಿರಲಿಲ್ಲ. ಆದರೂ ಜಿಂಕೆ, ನರಿ, ಮೊಲ, ಕೌಜುಗ ಎಲ್ಲವೂ ಕುಡಿದು ಹೋದವು. ಇದನ್ನು ಬರೆಯಲು ಎರಡು ವರ್ಷ ಕಾದೆ. ಮೊದಲ ವರ್ಷವೇ ಹೇಳಿದ್ದರೆ ಅದೃಷ್ಟ ಅನ್ನುತ್ತಿದ್ದರು ಅಲ್ವಾ?

ಶುರುವಿನಲ್ಲಿ ಯಾರೂ ನಂಬಿರಲಿಲ್ಲ. ಈ ಕೆಲಸ ಬಲ್ಲವರೇ "ನೆಲದೊಳಗಿನ ಕತ್ತಲೆ ಗುಂಡಿಗೆ ಯಾವ ಪ್ರಾಣಿ ಇಳಿಯುತ್ತದೆ, ಸೋಲಾರ್ ಪಂಪ್ ರಿಪೇರಿ ಮಾಡಿಸು" ಅಂದರು. ಪಂಪ್ ನನ್ನ ಹತ್ತಿರ ಇತ್ತು. ಆ ಕಥೆಯನ್ನೂ ಹೇಳುತ್ತೇನೆ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ಸಿಮೆಂಟ್ ತಟ್ಟೆ. ಮೂರು ಮೀಟರ್ ಅಗಲ, ನಡುವೆ ಗೇಣು ಜಾಸ್ತಿ ಆಳ, ಹತ್ತಿರಹತ್ತಿರ ಸಾವಿರ ಲೀಟರ್ ಹಿಡಿಯುತ್ತಿತ್ತು. ಟ್ಯಾಂಕರ್‌ನಿಂದ ತುಂಬಿಸುತ್ತಿದ್ದೆ. ಹನ್ನೆರಡು ದಿನಕ್ಕೆ ಖಾಲಿ. ಪ್ರಾಣಿಗಳು ಕುಡಿದವು ಅಂತ ಖುಷಿಪಟ್ಟಿದ್ದೆ, ಆಮೇಲೆ ಲೆಕ್ಕ ಹಾಕಿದೆ. ಕಡು ಬೇಸಿಗೆಯಲ್ಲಿ, ಗಾಳಿಯೂ ಇದ್ದರೆ, ತೆರೆದ ನೀರು ದಿನಕ್ಕೆ 7-8 ಮಿಲಿಮೀಟರ್ ಇಳಿಯುತ್ತದೆ. ಮೂರು ಮೀಟರ್ ತಟ್ಟೆಯಲ್ಲಿ ಅದು 50 ಲೀಟರ್‌ಗೂ ಮೇಲೆ. ಅಂದರೆ ನಾನು ದುಡ್ಡು ಕೊಟ್ಟು ತರಿಸಿದ ನೀರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಸಿಲಿನ ಪಾಲಾಗುತ್ತಿತ್ತು. ಮೂರು ಬೇಸಿಗೆ ಹೀಗೇ ನಡೆಯಿತು. ಆ ಮೂರು ಬೇಸಿಗೆ ಟ್ಯಾಂಕರ್‌ಗೆ ಸುರಿದ ದುಡ್ಡು ಇವತ್ತಿನ ನನ್ನ ಒಂದು ತೊಟ್ಟಿಯ ಪೂರ್ತಿ ಖರ್ಚಿಗಿಂತ ಹೆಚ್ಚು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಸೋಲಾರ್ ಪಂಪ್, ಎತ್ತರದಲ್ಲಿ ಟ್ಯಾಂಕ್, ಅಲ್ಲಿಂದ ಪೈಪು, ಕೆಳಗೆ, ತುಂಬಿದ ಕೂಡಲೇ ನೀರನ್ನು ತಾನೇ ನಿಲ್ಲಿಸುವ ಫ್ಲೋಟ್ ವಾಲ್ವ್ ಇರುವ ತೊಟ್ಟಿ. ಎಂಟು ತಿಂಗಳು ಚೆನ್ನಾಗಿಯೇ ನಡೆಯಿತು. ಒಂದು ರಾತ್ರಿ ಮುಳ್ಳುಹಂದಿ ಪೈಪ್ ಕಡಿಯಿತು. ಬೆಳಗ್ಗೆ ಹೊತ್ತಿಗೆ ಟ್ಯಾಂಕ್ ಪೂರ್ತಿ ಖಾಲಿ. ಪೈಪನ್ನು ಮಣ್ಣಿನಡಿ ಹೂತೆ. ಮುಂದಿನ ಬೇಸಿಗೆಯ ನಡುವೆ ವಾಲ್ವ್‌ನೊಳಗೆ ಮರಳು ಸಿಕ್ಕಿ ಅದು ತೆರೆದೇ ಉಳಿಯಿತು. ನಾನು ನಾಲ್ಕು ದಿನ ಊರಲ್ಲಿ ಇರಲಿಲ್ಲ, ನೋಡಿಕೊಳ್ಳುತ್ತೇನೆ ಅಂದವರು ಆ ಕಡೆ ಹೋಗಲಿಲ್ಲ. ವಾಪಸ್ ಬಂದಾಗ ತೊಟ್ಟಿ ಒಣಗಿತ್ತು, ಸುತ್ತ ಗೊರಸಿನ ಗುರುತು ತುಂಬಿತ್ತು. ನೀರಿಗೆ ಅಭ್ಯಾಸ ಮಾಡಿಸಿ ಆಮೇಲೆ ನೀರು ಇಲ್ಲ ಅನ್ನಿಸುವುದು, ಮೊದಲೇ ಕೊಡದೆ ಇರುವುದಕ್ಕಿಂತ ಕೆಟ್ಟದ್ದು. ಪ್ರಾಣಿ ಆ ನೀರನ್ನೇ ನಂಬಿ ದೂರದಿಂದ ನಡೆದು ಬಂದಿರುತ್ತದೆ. ಆವತ್ತೇ ತೀರ್ಮಾನ ಮಾಡಿದೆ: ಅಲ್ಲಾಡುವ ಭಾಗ ಒಂದೂ ಇರಬಾರದು.

ಗಝ್ಲರ್ ಅಂತ ಒಂದಿದೆ, ಮಳೆನೀರು ಕೂಡಿಟ್ಟು ಕಾಡುಪ್ರಾಣಿಗಳಿಗೆ ಕುಡಿಸುವ ತೊಟ್ಟಿ. 1940ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆನ್ ಗ್ಲೇಡಿಂಗ್ ಅನ್ನುವವರು ಕ್ವೇಲ್ ಹಕ್ಕಿಗಳಿಗೆ ಅಂತ ಮಾಡಿದ್ದು. ಮಳೆ ಹಿಡಿಯುವ ಹಾಸು, ನೆಲದೊಳಗೆ ಮುಚ್ಚಿದ ತೊಟ್ಟಿ, ಒಳಕ್ಕೆ ನಡೆದು ಹೋಗುವ ಇಳಿಜಾರು. ನೀರು ಇಳಿದ ಹಾಗೆ ಪ್ರಾಣಿಯೂ ಇನ್ನೆರಡು ಹೆಜ್ಜೆ ಒಳಗೆ ಹೋಗಿ ಕುಡಿಯುತ್ತದೆ. ನಾನೂ ಅದನ್ನೇ ಮಾಡಿದ್ದು, ಆದರೆ ಎರಡು ಸಲ ಕೆಟ್ಟು ಮೂರನೇ ಸಲಕ್ಕೆ ನಿಂತಿತು.

ಮೊದಲ ಸಲ ದಪ್ಪ ಪ್ಲಾಸ್ಟಿಕ್ ಶೀಟನ್ನು ನೆಲಕ್ಕೆ ಹಾಸಿದೆ, ಅಗ್ಗ ಅಂತ. ದನ ತುಳಿದು ತೂತು ಮಾಡಿದವು, ಉಳಿದದ್ದನ್ನು ಬಿಸಿಲು ಹಪ್ಪಳ ಮಾಡಿತು. ಒಂದು ವರ್ಷವೂ ಬಾಳಲಿಲ್ಲ. ತೊಟ್ಟಿಯೂ ರೆಡಿಮೇಡ್ ಪ್ಲಾಸ್ಟಿಕ್‌ದೇ. ಗುಂಡಿ ತೋಡಿ ಇಳಿಸಿ ಸುತ್ತ ಸಡಿಲ ಮಣ್ಣು ತುಂಬಿದ್ದೆ. ಒಂದು ಸಂಜೆ ಜೋರು ಮಳೆ ಬಂತು. ಹಾಸು ಹರಿದಿದ್ದರಿಂದ ತೊಟ್ಟಿಯೊಳಗೆ ನೀರು ಹೋಗಲಿಲ್ಲ, ಅದರ ಸುತ್ತಲಿನ ಗುಂಡಿ ಮಾತ್ರ ತುಂಬಿತು. ಬೆಳಗ್ಗೆ ನೋಡಿದರೆ ಖಾಲಿ ತೊಟ್ಟಿ ದೋಣಿಯ ಹಾಗೆ ಮೇಲಕ್ಕೆ ಎದ್ದು ವಾಲಿಕೊಂಡಿತ್ತು! ಪ್ಲಾಸ್ಟಿಕ್ ತೊಟ್ಟಿಯನ್ನೇ ಹೂಳುವವರು ಇದನ್ನು ಮರೆಯಬೇಡಿ. ಮಣ್ಣು ತುಂಬುವ ಮೊದಲು ಒಳಗೆ ಮೂರನೇ ಒಂದು ಭಾಗ ನೀರು ಹಾಕಿ, ಮಣ್ಣನ್ನು ಪದರ ಪದರವಾಗಿ ದಮ್ಮಸು ಮಾಡಿ, ಸುತ್ತಲಿನ ನೀರು ಹೊರಗೆ ಹೋಗಲು ದಾರಿ ಬಿಡಿ.

ಎರಡನೇ ಸಲ ಫೆರೋಸಿಮೆಂಟ್ ತೊಟ್ಟಿ, ಅಂದರೆ ತಂತಿಬಲೆಗೆ ಸಿಮೆಂಟ್ ಮೆತ್ತಿದ ತೊಟ್ಟಿ, ಕಟ್ಟಿದೆ. ಮಳೆ ಹಿಡಿಯಲು ಪ್ಲಾಸ್ಟಿಕ್ ಬದಲು ತಗಡು ತಂದು, ನೆಲಕ್ಕೆ ಹಾಸದೆ ಗೂಟದ ಮೇಲೆ ಎತ್ತಿ ನಿಲ್ಲಿಸಿದೆ. ತಗಡಿನ ತಗ್ಗು ಅಂಚು ತೊಟ್ಟಿಯ ಮೇಲೆ ಬರುವ ಹಾಗೆ ಕೂರಿಸಿದ್ದರಿಂದ ಮಳೆ ಹಿಡಿಯುವುದೂ ಅದೇ ತಗಡು, ನೆರಳು ಕೊಡುವುದೂ ಅದೇ ತಗಡು. ಈ ಯೋಚನೆ ನನ್ನದೇ ಅಂತ ಹೇಳಲ್ಲ, ಆದರೆ ನಮ್ಮ ಸುತ್ತಮುತ್ತ ಮೊದಲು ಮಾಡಿದ್ದು ನಾನು. ಮಳೆಗೆ ಮುಂಚಿನ ಗಾಳಿ ಬಂದು ನಾಲ್ಕು ತಗಡು ಕಿತ್ತುಕೊಂಡು ಹೋಯಿತು. ಗೂಟಗಳನ್ನು ಒಂದೂವರೆ ಅಡಿ ಮಾತ್ರ ಹೂತಿದ್ದೆ. ಮೂರನೇ ಸಲ ಮೂರು ಅಡಿ ಹೂತು ಬುಡಕ್ಕೆ ಕಾಂಕ್ರೀಟ್ ಹಾಕಿದ್ದೇನೆ. ಗಾಳಿ ಬರುವ ಕಡೆ ಅಂಚನ್ನು ನೆಲಕ್ಕೆ ಹತ್ತಿರ ಇಟ್ಟು ಕೆಳಗಿನ ಸಂದಿಗೆ ಕಲ್ಲು ಪೇರಿಸಿದ್ದೇನೆ. ಆಮೇಲೆ ಒಂದು ತಗಡೂ ಅಲ್ಲಾಡಿಲ್ಲ.

ಅಳತೆ ನೆನಪಿನಿಂದ ಹೇಳುತ್ತೇನೆ. ತಗಡು 45 ಚದರ ಮೀಟರ್ ಆಸುಪಾಸು. ಒಂದು ಚದರ ಮೀಟರ್‌ಗೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್, ಅದರಲ್ಲಿ ನೂರಕ್ಕೆ ಹದಿನೈದು ಕಳೆಯಿರಿ. ಇಲ್ಲೇ ಬಹಳ ಜನ ತಪ್ಪುತ್ತಾರೆ. ಸರಾಸರಿ ಮಳೆಗೆ ಲೆಕ್ಕ ಹಾಕಬೇಡಿ. ನಿಮಗೆ ನೆನಪಿರುವ ಅತಿ ಕೆಟ್ಟ ವರ್ಷಕ್ಕೆ ಹಾಕಿ. ನಾನು 250 ಮಿಲಿಮೀಟರ್ ಹಿಡಿದೆ, ಒಂಬತ್ತೂವರೆ ಸಾವಿರ ಲೀಟರ್ ಬರುತ್ತದೆ. ತೊಟ್ಟಿ ಹತ್ತು ಸಾವಿರದ್ದು. ಐದು ತಿಂಗಳಲ್ಲಿ ಕುಡಿದದ್ದು ದಿನಕ್ಕೆ 30-35 ಲೀಟರ್ ಇರಬಹುದು, ಆವಿಯಾಗಿದ್ದು ಹತ್ತು-ಹದಿನೈದು. ಬಾಯಿ ಚಿಕ್ಕದು, ಮೇಲೆ ನೆರಳು. ಅದಕ್ಕೇ ಒಂದು ಮೊಳ ಉಳಿದದ್ದು.

ಇಳಿಜಾರಿನ ಬಾಯಿ ಮಧ್ಯಾಹ್ನದ ಬಿಸಿಲು ಬೀಳದ ದಿಕ್ಕಿಗೆ ಇರಲಿ. ಮೂರು ಅಡಿ ನಡೆದರೆ ಒಂದು ಅಡಿ ಇಳಿಯುವಷ್ಟು ಸಾಕು, ಇನ್ನೂ ಕಡಿದಾಗಿದ್ದರೆ ಮರಿಗಳು ಹತ್ತುವುದಿಲ್ಲ. ಸಿಮೆಂಟ್ ಹಸಿ ಇರುವಾಗಲೇ ಪೊರಕೆಯಿಂದ ಗೀರಿ ಒರಟು ಮಾಡಿ. ಹೊಸ ಸಿಮೆಂಟಿನ ಮೊದಲ ನೀರು ಸುಣ್ಣದ ನೀರಿನ ಹಾಗಿರುತ್ತದೆ, ಒಂದೆರಡು ಸಲ ತುಂಬಿಸಿ ಚೆಲ್ಲಿ. ತಗಡು ಮತ್ತು ತೊಟ್ಟಿ ನಡುವೆ ಒಂದು ಕೆಸರು ಗುಂಡಿ, ಜಾಲರಿ, ಇನ್ನೊಂದು ಕಡೆ ಕೋಡಿ. ತೊಟ್ಟಿ ಗೋಡೆ ಇಳಿಜಾರಿಗೆ ಸೇರುವ ಮೂಲೆಯಲ್ಲೇ ಎಲ್ಲರಿಗೂ ಬಿರುಕು ಬರುವುದು. ನನ್ನ ಈಗಿನ ತೊಟ್ಟಿಗೆ ಬಂದಿಲ್ಲ. ಅಲ್ಲಿಗೆ ನಾನು ಹಾಕಿದ ಮಿಶ್ರಣದ ಅಳತೆಯನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಎರಡು ತೊಟ್ಟಿ ಹಾಳಾಗಿವೆ.

ಖರ್ಚಿನಲ್ಲಿ ಅರ್ಧ ತೊಟ್ಟಿಗೆ, ಮೂರನೇ ಒಂದು ಭಾಗ ತಗಡು-ಗೂಟಕ್ಕೆ, ಉಳಿದದ್ದು ಅಗೆತ ಮತ್ತು ಬೇಲಿಗೆ. ಅಗೆತ ಅಂದುಕೊಂಡದ್ದರ ದುಪ್ಪಟ್ಟಾಯಿತು, ಮೂರು ಅಡಿ ಕೆಳಗೆ ಬಂಡೆ ಸಿಕ್ಕಿತು. ಮೊದಲೇ ಕಬ್ಬಿಣದ ಸಲಾಕೆ ಚುಚ್ಚಿ ನೋಡಿಕೊಳ್ಳಿ. ಹಾಗಿದ್ದರೂ ಸೋಲಾರ್ ಪಂಪಿಗೆ ಹಾಕಿದ ದುಡ್ಡಿನಲ್ಲಿ ಇಂಥದ್ದು ಎರಡು ಆಗುತ್ತಿತ್ತು. ಈಗ ವರ್ಷಕ್ಕೆ ಒಂದು ದಿನ ಕೆಸರು ತೆಗೆಯುವುದು ಬಿಟ್ಟರೆ ಬೇರೆ ಖರ್ಚಿಲ್ಲ.

ಪ್ರಾಣಿಗಳು ಬಂದವಾ? ಮೂರನೇ ದಿನ ಬೆಳವಕ್ಕಿ ಬಂತು. ಒಂದು ವಾರದಲ್ಲಿ ನರಿ. ಜಿಂಕೆಗಳು ಮಾತ್ರ ಏಳು ವಾರ ಕಾಯಿಸಿದವು. ಕ್ಯಾಮೆರಾದಲ್ಲಿ ದಿನಾ ನೋಡುತ್ತಿದ್ದೆ. ಬಾಯಿಯವರೆಗೆ ಬಂದು ಮೂಗು ಎತ್ತಿ ನಿಂತು ಹೋಗುತ್ತಿದ್ದವು. ಒಂದು ಸಂಜೆ ಬಾಯಿಯ ಎದುರು ಇದ್ದ ಪೊದೆ ಕಡಿದೆ, ಅಲ್ಲಿ ಏನಾದರೂ ಹೊಂಚು ಹಾಕಿದ್ದರೆ ಅಂತ ಅವಕ್ಕೆ ಭಯ ಇದ್ದಿರಬೇಕು. ನಾಲ್ಕನೇ ರಾತ್ರಿ ಒಂದು ಹೆಣ್ಣು ಇಳಿದು ಕುಡಿಯಿತು. ಆ ಫೋಟೋ ನೋಡಿ ನಾನು ಮನೆಯವರನ್ನೆಲ್ಲ ಎಬ್ಬಿಸಿದೆ. ಆದರೆ ಪೊದೆ ಪೂರ್ತಿ ತೆಗೆಯಬೇಡಿ. ಕೌಜುಗಕ್ಕೆ ಓಡಿ ಅಡಗಲು ಹತ್ತು-ಹದಿನೈದು ಮೀಟರ್ ದೂರದಲ್ಲಿ ಒಂದು ಕಡೆ ಪೊದೆ ಬೇಕೇ ಬೇಕು.

ದನ ಬಂದರೆ ಹತ್ತು ಸಾವಿರ ಲೀಟರ್ ಹತ್ತು ದಿನದ ಮಾತು. ಅವುಗಳಿಗೆ ದೂರದಲ್ಲಿ ಬೇರೆ ತೊಟ್ಟಿ ಇಡಿ. ಅದು ಇಲ್ಲದೆ ಬೇಲಿ ಹಾಕಿದರೆ ಅವು ಬೇಲಿಯನ್ನೇ ಕಿತ್ತು ಹಾಕುತ್ತವೆ. ನನ್ನ ಬೇಲಿಯ ಕೆಳಗಿನ ತಂತಿ ಮುಳ್ಳಿಲ್ಲದ್ದು, ನೆಲದಿಂದ 40-45 ಸೆಂಟಿಮೀಟರ್ ಮೇಲೆ. ಮೊಲ, ನರಿ, ಮರಿಗಳು ನುಸುಳುತ್ತವೆ. ಬೇಲಿ ತೊಟ್ಟಿಗೆ ಅಂಟಿಕೊಂಡ ಹಾಗೆ ಇದ್ದರೆ ಜಿಂಕೆ ಒಳಗೆ ಬರುವುದಿಲ್ಲ, ಅಗಲ ಬಿಡಿ.

ದನದ ತೊಟ್ಟಿಯಲ್ಲಿ ಒಂದು ದಿನ ಮೊಲದ ಮರಿ ಸತ್ತು ತೇಲುತ್ತಿತ್ತು. ಹತ್ತಿ ಬರಲಿ ಅಂತ ಹಲಗೆ ಇಟ್ಟಿದ್ದೆ, ಆದರೂ ಸತ್ತಿತು. ತುಂಬಾ ಬೇಜಾರಾಯಿತು. ಆಮೇಲೆ ಅರ್ಥವಾಯಿತು: ನೀರಿಗೆ ಬಿದ್ದ ಪ್ರಾಣಿ ಗೋಡೆ ಹಿಡಿದುಕೊಂಡೇ ಸುತ್ತುತ್ತದೆ, ನಡುವೆ ಇರುವ ಹಲಗೆ ಅದಕ್ಕೆ ಸಿಗುವುದೇ ಇಲ್ಲ. ಹಲಗೆ ಅಥವಾ ಜಾಲರಿ ಗೋಡೆಗೆ ಸಂದಿಯಿಲ್ಲದೆ ಅಂಟಿರಬೇಕು, ತಳದವರೆಗೂ ಇಳಿದಿರಬೇಕು. ಬದಲಾಯಿಸಿದ ಮೇಲೆ ಒಂದೂ ಸತ್ತಿಲ್ಲ. ಅದೇ ತೊಟ್ಟಿಯ ಮೇಲೆ ಅಡ್ಡಕ್ಕೆ ಕಟ್ಟಿದ್ದ ತಂತಿಯನ್ನೂ ತೆಗೆದೆ. ಬಾವಲಿಗಳು ಹಾರುತ್ತಲೇ ನೀರು ಕುಡಿಯುತ್ತವೆ, ಅವಕ್ಕೆ ಉದ್ದಕ್ಕೆ ತೆರೆದ ನೀರು ಬೇಕು. ತೆಗೆದ ರಾತ್ರಿಯಿಂದಲೇ ಸಾಲಾಗಿ ಬಂದವು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಇಬ್ಬನಿ ಹಿಡಿಯೋಣ ಅಂತ ನಾಲ್ಕು ಚದರ ಮೀಟರ್ ಶೀಟ್ ಓರೆಯಾಗಿ ಕಟ್ಟಿದೆ, ಬೆಳಗ್ಗೆ ಒಂದು ಲೋಟ ನೀರು ಸಿಕ್ಕರೆ ಹೆಚ್ಚು. ಆವಿ ತಡೆಯಲು ಹಳೇ ತಟ್ಟೆಯಲ್ಲಿ ಥರ್ಮಾಕೋಲ್ ತೇಲಿಬಿಟ್ಟೆ, ಹಕ್ಕಿಗಳು ಕುಕ್ಕಿ ಚೂರು ಮಾಡಿದವು, ಅದೇ ದಿನ ತೆಗೆದೆ. ಅರ್ಧ ನೀರು ತುಂಬಿ ಬಾಯಿ ಮುಚ್ಚಿದ ಬಾಟಲಿಗಳು ಪರವಾಗಿಲ್ಲ, ಆವಿ ಕಡಿಮೆಯಾಯಿತು, ಹಕ್ಕಿಗಳು ಮೇಲೆ ಕೂತು ಕುಡಿದವು. ಜೇನ್ನೊಣದ ಕಾಟ ಬೇರೆ. ಬಿಸಿಲು ಏರಿದ ಮೇಲೆ ಇಳಿಜಾರಿನ ತುಂಬಾ ಅವೇ, ಬೇರೆ ಪ್ರಾಣಿ ಹತ್ತಿರ ಬರುವುದಿಲ್ಲ. ಮೂವತ್ತು ಮೀಟರ್ ದೂರದಲ್ಲಿ ಕಲ್ಲು ತುಂಬಿದ ಬೇರೆ ತಟ್ಟೆ ಇಟ್ಟೆ, ಒಂದು ನೊಣವೂ ಹೋಗಲಿಲ್ಲ. ಅವು ಒಂದು ಜಾಗಕ್ಕೆ ಒಗ್ಗಿದರೆ ಬಿಡುವುದಿಲ್ಲ. ಮುಂದಿನ ವರ್ಷ ಬೇಸಿಗೆಗೆ ಒಂದು ತಿಂಗಳು ಮೊದಲೇ ತಟ್ಟೆ ಇಟ್ಟೆ, ನೀರಿಗೆ ಒಂದು ವಸ್ತುವನ್ನು ಚೂರು ಬೆರೆಸಿದೆ. ಎಲ್ಲಾ ಅಲ್ಲಿಗೇ ಹೋದವು. ಅದೇನು ಅಂತ ಸದ್ಯಕ್ಕೆ ನನ್ನಲ್ಲೇ ಇರಲಿ.

ಇದು ಗೆದ್ದ ಮೇಲೆ ಅನುಮಾನಪಟ್ಟವರೇ ಬಂದು "ಇನ್ನೂ ಐದಾರು ಮಾಡು" ಅನ್ನುತ್ತಿದ್ದಾರೆ. ನಾನು ಒಪ್ಪಿಲ್ಲ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಎಲ್ಲೆಂದರಲ್ಲಿ ಬೋರ್ ತೋಡಿ ನೀರು ಕೊಟ್ಟರು. ನೀರು ಸಿಕ್ಕಿದ್ದಕ್ಕೆ ಜೀಬ್ರಾಗಳು ಒಣ ಜಾಗಕ್ಕೂ ಬಂದವು, ಹಿಂದೆಯೇ ಸಿಂಹಗಳು ಬಂದು ಅಲ್ಲಿದ್ದ ಹುಲ್ಲೆಗಳನ್ನೂ ಹಿಡಿದವು. ಉತ್ತರದ ಬಯಲಿನಲ್ಲಿ 1986ರಲ್ಲಿ ಸುಮಾರು 450 ಇದ್ದ ರೋನ್ ಅನ್ನುವ ಅಪರೂಪದ ಹುಲ್ಲೆಗಳು 1993ರ ಹೊತ್ತಿಗೆ 45ರ ಹತ್ತಿರಕ್ಕೆ ಇಳಿದವು. ಆಮೇಲೆ ಎಷ್ಟೋ ಬೋರ್ ಮುಚ್ಚಿದರು. ನನ್ನಲ್ಲೂ ಈಗಿನ ತೊಟ್ಟಿಯ ಸುತ್ತ ನೂರು ಮೀಟರ್ ಹುಲ್ಲು ತೆಳುವಾಗಿದೆ. ಹಾಗಾಗಿ ಇನ್ನೊಂದೇ ಒಂದು ಮಾಡುತ್ತೇನೆ, ಎರಡೂವರೆ ಕಿಲೋಮೀಟರ್ ಆಚೆ. ಸಲಾಕೆ ಚುಚ್ಚಿ ನೋಡಿದ್ದಾಗಿದೆ, ಐದು ಅಡಿವರೆಗೆ ಬಂಡೆ ಇಲ್ಲ. ತಗಡು ಬಂದಿದೆ. ಮುಂದಿನ ವಾರ ಅಗೆತ ಶುರು.