ನಿಂತ ಕಾರಿನ ಬ್ಯಾಟರಿ ಇಳಿಯುತ್ತಿದ್ದುದು ಎಲ್ಲಿಂದ?

ನನ್ನ ಬಳಿ ಇರುವುದು 2004ರ ಮಾರುತಿ ಝೆನ್. ಆಲ್ದೂರಿನ ಹತ್ತಿರದ ನಮ್ಮ ತೋಟದ ಮನೆಯಿಂದ ಚಿಕ್ಕಮಗಳೂರಿಗೆ ಹೋಗಿಬರುವುದನ್ನು ಬಿಟ್ಟರೆ ಅದಕ್ಕೆ ಹೆಚ್ಚಿನ ಕೆಲಸವಿಲ್ಲ. ಜುಲೈ, ಆಗಸ್ಟ್ ತಿಂಗಳ ಮಳೆಯಲ್ಲಂತೂ ಶೆಡ್ಡಿನಲ್ಲಿ ನಿಂತಿರುವುದೇ ಹೆಚ್ಚು. ದಿನವೂ ಓಡಿಸುವಾಗ ಯಾವ ತೊಂದರೆಯನ್ನೂ ಕೊಡದ ಈ ಕಾರು ವಾರದ ಹತ್ತಿರ ನಿಂತಿತೆಂದರೆ ಸೆಲ್ಫ್ ಎತ್ತುತ್ತಿರಲಿಲ್ಲ. ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗಿ, ಒಳಗೆಲ್ಲೋ ಟಕಟಕ ಎಂದು ಸದ್ದಾಗಿ ನಿಂತುಬಿಡುತ್ತಿತ್ತು. ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡೋಣವೆಂದರೆ ಕಾರ್ಬ್ಯುರೇಟರ್ ಕಾಲದ ಗಾಡಿಗಳಂತೆ ಇದು ಜಗ್ಗುವುದಿಲ್ಲ. ಎಂಪಿಎಫ್ಐ, ಅಂದರೆ ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಎಂಜಿನ್ನಿನ ಪೆಟ್ರೋಲ್ ಪಂಪಿಗೂ ಇಸಿಎಂ ಎಂಬ ಆ ಕಂಪ್ಯೂಟರಿಗೂ ಕರೆಂಟ್ ಬೇಕೇ ಬೇಕಾದುದರಿಂದ, ಬ್ಯಾಟರಿ ತೀರಾ ಇಳಿದಿದ್ದರೆ ಎಷ್ಟು ತಳ್ಳಿದರೂ ಎಂಜಿನ್ ಹಿಡಿಯುವುದಿಲ್ಲ.

ಕೇಳಿದವರೆಲ್ಲ ಹೇಳಿದ್ದು ಬ್ಯಾಟರಿ ಬದಲಾಯಿಸಿ ಎಂದೇ. ಹಾಕಿಸಿ ಎರಡು ವರ್ಷವೂ ಆಗದ ಬ್ಯಾಟರಿಯನ್ನು ಅಳತೆ ಮಾಡದೆ ಎಸೆಯುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ಅದನ್ನು ರಾತ್ರಿಯಿಡೀ ಚಾರ್ಜಿಗೆ ಹಾಕಿ, ಕೆಲವು ಗಂಟೆ ಬಿಟ್ಟು ಮಲ್ಟಿಮೀಟರ್ ಹಿಡಿದಾಗ 12.6 ವೋಲ್ಟ್ ತೋರಿಸಿತು; ಪೂರ್ತಿ ಚಾರ್ಜಾದ ಸೀಸ-ಆಮ್ಲ ಬ್ಯಾಟರಿ ಸುಮಾರಾಗಿ ಅಷ್ಟನ್ನೇ ತೋರಿಸಬೇಕು, 12.2ಕ್ಕೆ ಬಂದರೆ ಅರ್ಧ ಖಾಲಿಯಾಗಿದೆ ಎಂದು ತಿಳಿಯಬೇಕು. ಬಳಿಕ ನೆಗೆಟಿವ್ ಟರ್ಮಿನಲ್ ಕಳಚಿ, ಕಾರಿಗೆ ಸಂಬಂಧವೇ ಇಲ್ಲದಂತೆ ಕೆಲವು ದಿನ ಇಟ್ಟು ನೋಡಿದೆ. ಒಳಗಿನ ಸೆಲ್ ಕೆಟ್ಟಿದ್ದರೆ ಆ ಸ್ಥಿತಿಯಲ್ಲಿಯೂ ವೋಲ್ಟೇಜ್ ಬೀಳಬೇಕಿತ್ತು. ಆದರೆ ಅದು 12.5ರ ಕೆಳಗೆ ಇಳಿಯಲಿಲ್ಲ. ಟರ್ಮಿನಲ್ ಮತ್ತೆ ಹಾಕಿ ಎಂಜಿನ್ ಚಾಲೂ ಮಾಡಿದಾಗ ಬ್ಯಾಟರಿಯ ಮೇಲೆ 14.1 ವೋಲ್ಟ್ ಇತ್ತು. ಹಾಗಾಗಿ ಡೈನಮೋ, ಅಂದರೆ ಆಲ್ಟರ್ನೇಟರ್, ಚಾರ್ಜ್ ಮಾಡುತ್ತಿದೆ. ಬ್ಯಾಟರಿ ಅದನ್ನು ಹಿಡಿದಿಟ್ಟುಕೊಳ್ಳುತ್ತಿದೆ. ನಿಂತ ಕಾರೇ ಅದನ್ನು ಕುಡಿಯುತ್ತಿದೆ ಎಂಬುದು ಖಚಿತವಾಯಿತು. ಈ ಪರೀಕ್ಷೆಗೆ ಖರ್ಚೇನೂ ಇಲ್ಲ, ಆದರೂ ಹೆಚ್ಚಿನವರು ಮಾಡುವುದಿಲ್ಲ.

ಎಷ್ಟು ಕರೆಂಟ್ ಸೋರುತ್ತಿದೆ ಎಂದು ತಿಳಿಯಲು ಮೀಟರನ್ನು ನೆಗೆಟಿವ್ ಟರ್ಮಿನಲ್ಲಿಗೂ ಕಳಚಿದ ಅರ್ಥ್ ಕೇಬಲ್ಲಿಗೂ ನಡುವೆ ಜೋಡಿಸಬೇಕು. ಇಲ್ಲಿ ಎರಡು ಎಚ್ಚರಿಕೆಗಳಿವೆ. ಕೆಂಪು ಪ್ರೋಬನ್ನು 10 ಆಂಪಿಯರಿನ ತೂತಿಗೇ ಹಾಕಬೇಕು, ಮಿಲಿ ಆಂಪಿಯರಿನ ತೂತಿಗೆ ಹಾಕಿದರೆ ಮೀಟರಿನೊಳಗಿನ ಫ್ಯೂಸ್ ಕ್ಷಣದಲ್ಲಿ ಹೋಗಬಹುದು. ಇನ್ನು, ಮೀಟರ್ ಜೋಡಿಸಿರುವಾಗ ಯಾವ ಕಾರಣಕ್ಕೂ ಸೆಲ್ಫ್ ಹೊಡೆಯಬಾರದು. ಸ್ಟಾರ್ಟರ್ ಮೋಟಾರು ನೂರಾರು ಆಂಪಿಯರಿನ ಲೆಕ್ಕದಲ್ಲಿ ಎಳೆಯುತ್ತದೆ, ಅಗ್ಗದ ಹಳದಿ ಮೀಟರುಗಳ 10 ಆಂಪಿಯರಿನ ದಾರಿಯಲ್ಲಿ ಸಾಮಾನ್ಯವಾಗಿ ಫ್ಯೂಸೇ ಇರುವುದಿಲ್ಲ. ಕೀಯನ್ನು ಮನೆಯೊಳಗಿಟ್ಟು, ಕಿಟಕಿಗಳನ್ನು ಇಳಿಸಿ, ಬಾಗಿಲಿನ ಚೌಕಟ್ಟಿನ ಸ್ವಿಚ್ಚನ್ನು ಒತ್ತಿ ಟೇಪ್ ಸುತ್ತಿದೆ; ಇಲ್ಲದಿದ್ದರೆ ಫ್ಯೂಸ್ ಬಾಕ್ಸ್ ನೋಡಲೆಂದು ಬಾಗಿಲು ತೆಗೆದಾಗ ಹೊತ್ತುವ ಒಳದೀಪವೇ ಅಳತೆಯನ್ನು ಕೆಡಿಸುತ್ತದೆ. ಬ್ಯಾಟರಿ ಸೇರಿಸಿದ ಕೂಡಲೇ ಬರುವ ಅಂಕಿಯನ್ನು ನಂಬದೆ ಸ್ವಲ್ಪ ಕಾಯಬೇಕು. ನನ್ನ ಕಾರಿಗೆ ಹತ್ತು ನಿಮಿಷ ಧಾರಾಳವಾಯಿತು. ಹೊಸ ಕಾರುಗಳಲ್ಲಿ ಎಲ್ಲ ಕಂಪ್ಯೂಟರುಗಳೂ ನಿದ್ದೆಗೆ ಜಾರುವುದಕ್ಕೆ ಅರ್ಧ ಗಂಟೆಗೂ ಮೀರಿ ಹಿಡಿಯಬಹುದು.

ಕಾದ ಮೇಲೆ ಮೀಟರಿನಲ್ಲಿ ನಿಂತ ಅಂಕಿ 0.18 ಆಂಪಿಯರ್. ಗಡಿಯಾರ, ಸ್ಟೀರಿಯೋದ ಮೆಮೊರಿ, ಇಸಿಎಂ ಎಲ್ಲ ಸೇರಿ 0.02ರಿಂದ 0.05 ಆಂಪಿಯರ್ ಎಳೆಯುವುದು ಸಹಜ. 0.18 ಎಂದರೆ ದಿನಕ್ಕೆ ನಾಲ್ಕು ಆಂಪಿಯರ್-ಗಂಟೆಗಿಂತ ಹೆಚ್ಚು. ಈ ಕಾರಿನಲ್ಲಿರುವ 35 ಆಂಪಿಯರ್-ಗಂಟೆಯ ಬ್ಯಾಟರಿ ಐದು ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿಯಾಗುತ್ತದೆ. ಮಳೆಗಾಲದ ತಣ್ಣನೆಯ ಬೆಳಗಿನಲ್ಲಿ ಎಂಜಿನ್ ತಿರುಗಿಸುವುದಕ್ಕೆ ಉಳಿದ ಶಕ್ತಿ ಸಾಲದು. ರೋಗದ ಲಕ್ಷಣಕ್ಕೂ ಲೆಕ್ಕಕ್ಕೂ ಹೀಗೆ ತಾಳೆಯಾದದ್ದರಿಂದ, ಹುಡುಕಬೇಕಾದದ್ದು ಸುಮಾರು 0.15 ಆಂಪಿಯರಿನ ಒಂದೇ ಸೋರಿಕೆ ಎಂಬ ಅಂದಾಜು ಸಿಕ್ಕಿತು.

ಮುಂದಿನ ಹೆಜ್ಜೆ ಎಲ್ಲರೂ ಹೇಳುವಂಥದ್ದೇ: ಒಂದೊಂದೇ ಫ್ಯೂಸ್ ಕಿತ್ತು, ಅಂಕಿ ಬೀಳುತ್ತದೆಯೇ ನೋಡಿ, ಅದೇ ಜಾಗಕ್ಕೆ ಮರಳಿ ಹಾಕುವುದು. ಒಳದೀಪ ಮತ್ತು ಸ್ಟೀರಿಯೋದ ಫ್ಯೂಸ್ ಕಿತ್ತಾಗ ಅಂಕಿ 0.16ಕ್ಕೆ ಇಳಿಯಿತು, ಅದು ನ್ಯಾಯವಾದ ಖರ್ಚು. ಮಿಕ್ಕ ಯಾವ ಫ್ಯೂಸ್ ಕಿತ್ತರೂ ಹೇಳಿಕೊಳ್ಳುವಂಥ ಇಳಿಕೆಯೇ ಕಾಣಲಿಲ್ಲ. ಚಿಕ್ಕಮಗಳೂರಿನಲ್ಲಿ ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಒಬ್ಬರಿಗೆ ಫೋನ್ ಮಾಡಿದಾಗ ಅವರು, “ಫ್ಯೂಸ್ ದಾಟದ ಕರೆಂಟು ಫ್ಯೂಸಲ್ಲಿ ಹೆಂಗ್ ಸಿಗುತ್ತೆ ಸಾರ್? ಡೈನಮೋ ವೈರ್ ಬಿಚ್ಚಿ ನೋಡಿ, ಆಮೇಲೆ ಬ್ಯಾಟರಿಗೆ ಯಾರ್ಯಾರು ಏನೇನು ಕಟ್ಟಿದ್ದಾರೆ ನೋಡಿ” ಎಂದರು. ಆಲ್ಟರ್ನೇಟರಿನ ದಪ್ಪ ವೈರು ಸಣ್ಣ ಫ್ಯೂಸುಗಳ ಸಾಲಿಗೆ ಬರದೆ ಬ್ಯಾಟರಿಯ ಕಡೆಗೇ ಹೋಗುವುದರಿಂದ, ಅದರೊಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಸೋರುತ್ತಿದ್ದರೆ ಫ್ಯೂಸ್ ಕೀಳುವ ವಿಧಾನದಲ್ಲಿ ಅದು ಸಿಗುವುದೇ ಇಲ್ಲ. ಬ್ಯಾಟರಿಯ ಸಂಪರ್ಕ ತಪ್ಪಿಸಿ, ಆ ವೈರನ್ನು ಬಿಚ್ಚಿ, ತುದಿಗೆ ಟೇಪ್ ಸುತ್ತಿ ಮತ್ತೆ ಅಳೆದೆ. ಅಂಕಿ ಅಲುಗಲಿಲ್ಲ, ಆಲ್ಟರ್ನೇಟರ್ ನಿರಪರಾಧಿ.

ಪಾಸಿಟಿವ್ ಟರ್ಮಿನಲ್ಲಿನ ಬೋಲ್ಟಿಗೆ ಕಂಪನಿಯ ದಪ್ಪ ವೈರುಗಳ ಜೊತೆಗೆ ತೆಳುವಾದ ಕೆಂಪು ವೈರೊಂದು ಸುತ್ತಿಕೊಂಡಿತ್ತು. ಅದನ್ನು ಬಿಚ್ಚಿದೊಡನೆ ಮೀಟರ್ 0.03ಕ್ಕೆ ಬಂದು ನಿಂತಿತು. ಮತ್ತೆ ತಾಗಿಸಿದರೆ ಬಾನೆಟ್ಟಿನ ಎಡಮೂಲೆಯಿಂದ ಸಣ್ಣಗೆ ‘ಟಿಕ್’ ಎಂಬ ಸದ್ದು, ಮೀಟರಿನಲ್ಲಿ 0.18. ಸದ್ದಿನ ಜಾಡು ಹಿಡಿದು ಕೈಹಾಕಿದಾಗ ಸಿಕ್ಕಿದ್ದು ಕಪ್ಪು ಬಣ್ಣದ ಒಂದು ರಿಲೇ, ಅಂದರೆ ಒಳಗಿನ ಕಾಯಿಲಿಗೆ ಸಣ್ಣ ಕರೆಂಟ್ ಹರಿದಾಗ ದೊಡ್ಡ ಕರೆಂಟಿನ ಸಂಪರ್ಕವನ್ನು ಎಳೆದು ಜೋಡಿಸುವ ಸ್ವಿಚ್. ಸುತ್ತಲಿನ ತಗಡು ಮಂಜಿನಂತೆ ತಣ್ಣಗಿದ್ದರೆ, ಹಿಂದಿನ ರಾತ್ರಿಯಿಂದ ಕೀ ಮುಟ್ಟದೆ ನಿಂತಿದ್ದ ಕಾರಿನಲ್ಲಿ ಆ ರಿಲೇ ಮಾತ್ರ ಬೆಚ್ಚಗಿತ್ತು.

ಅದು ಫಾಗ್ ಲ್ಯಾಂಪಿನ ರಿಲೇ. ಮೊದಲಿದ್ದ ಮಾಲೀಕರು, ನಮ್ಮ ಘಟ್ಟದ ಮಂಜಿಗೆ ಎಲ್ಲರೂ ಹಾಕಿಸುವಂತೆ, ಹೊರಗಿನಿಂದ ಫಾಗ್ ಲ್ಯಾಂಪ್ ಕಟ್ಟಿಸಿದ್ದರು. ಆಮೇಲೆ ಬಂಪರ್ ಬದಲಾಯಿಸುವಾಗ ದೀಪಗಳು ಹೋಗಿ, ವೈರಿಂಗ್ ಮತ್ತು ರಿಲೇ ಹಾಗೆಯೇ ಉಳಿದುಕೊಂಡಿದ್ದವು. ಈ ರಿಲೇಯ 85 ಮತ್ತು 86ನೆಯ ಪಿನ್ನುಗಳ ನಡುವಿನ ಕಾಯಿಲ್ ಸುಮಾರು 85 ಓಮ್ ತೋರಿಸಿತು. 12.6 ವೋಲ್ಟನ್ನು 85ರಿಂದ ಭಾಗಿಸಿದರೆ 0.15 ಆಂಪಿಯರ್, ಹುಡುಕುತ್ತಿದ್ದ ಅಂಕಿ ಸರಿಯಾಗಿ ಅದೇ. ರಿಲೇ ಹಗಲೂ ರಾತ್ರಿ ಎಳೆದುಕೊಂಡು ಕುಳಿತಿದ್ದರೂ ಹೊತ್ತುವುದಕ್ಕೆ ದೀಪವೇ ಇಲ್ಲದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅದಕ್ಕೆ ಕರೆಂಟ್ ಕೊಡುತ್ತಿದ್ದವರು ಯಾರು? ವೈರಿನ ಹಾದಿ ಹಿಡಿದು ಹೋದಾಗ, ಗಾಜು ತೊಳೆಯುವ ನೀರಿನ ಡಬ್ಬಿಯ ಹಿಂದೆ ಒಣಹುಲ್ಲು ಮತ್ತು ಹರಿದ ಗೋಣಿಯ ನಾರಿನ ಗೂಡು ಸಿಕ್ಕಿತು. ಮಳೆಗಾಲದಲ್ಲಿ ಬಾನೆಟ್ಟಿನ ಕೆಳಗೆ ಇಲಿ ಸೇರುವುದು ನಮ್ಮ ಕಡೆ ಹೊಸದಲ್ಲ. ಕ್ಯಾಬಿನ್ನಿನ ಸ್ವಿಚ್ಚಿಗೆ ಹೋಗುವ ವೈರು, ಸ್ವಿಚ್ಚಿನಿಂದ ರಿಲೇಗೆ ಮರಳುವ ವೈರು, ಎರಡರ ಸಿಪ್ಪೆಯನ್ನೂ ಇಲಿ ಒಂದೇ ಜಾಗದಲ್ಲಿ ಕಡಿದಿತ್ತು; ಬರಿದಾದ ತಾಮ್ರದ ಎಳೆಗಳು ಪರಸ್ಪರ ಅಂಟಿಕೊಂಡು ಹಸಿರು ಕಿಲುಬು ಕಟ್ಟಿದ್ದವು. ಸ್ವಿಚ್ ಆಫ್ ಇದ್ದರೂ ರಿಲೇಯ ಮಟ್ಟಿಗೆ ಅದು ಸದಾ ಆನ್. ಇಲಿಯನ್ನು ದೂರುವುದಕ್ಕಿಂತ ಆ ಜೋಡಣೆಯನ್ನೇ ದೂರಬೇಕು ಎಂದು ನನಗನ್ನಿಸುತ್ತದೆ. ಸ್ವಿಚ್ಚಿನ ಲೈನನ್ನು ಕೀ ತೆಗೆದಾಗ ಕರೆಂಟ್ ನಿಲ್ಲುವ ಕಡೆಯಿಂದ ತೆಗೆದುಕೊಂಡಿದ್ದರೆ ವೈರ್ ಕಚ್ಚಿದರೂ ನಿಂತ ಕಾರಿನ ಬ್ಯಾಟರಿ ಇಳಿಯುತ್ತಿರಲಿಲ್ಲ. ಕೈಗೆ ಸುಲಭವೆಂದು ನೇರವಾಗಿ ಬ್ಯಾಟರಿಯಿಂದ ಎಳೆಯುವುದು ನಮ್ಮ ಆಕ್ಸೆಸರಿ ಅಂಗಡಿಗಳ ವಾಡಿಕೆಯಾಗಿಬಿಟ್ಟಿದೆ.

ಬೇಡದ ವೈರಿಂಗನ್ನು ಕತ್ತರಿಸಿ ಟೇಪ್ ಸುತ್ತಿ ಬಿಡುವ ಬದಲು ರಿಲೇಯ ಸಮೇತ ಬ್ಯಾಟರಿಯವರೆಗೂ ಪೂರ್ತಿಯಾಗಿ ತೆಗೆದುಹಾಕಿದೆ. ಏಕೆಂದರೆ ರಿಲೇ ಎಳೆದಿರುವಷ್ಟು ಹೊತ್ತೂ ದೀಪದ ಕಡೆಯ ತುದಿಗಳಲ್ಲಿ 12 ವೋಲ್ಟ್ ಇರುತ್ತದೆ, ಅಲ್ಲಿನ ಟೇಪು ಆಗಲೇ ಸಡಿಲವಾಗಿತ್ತು. ವೈರುಗಳು ಹಾದುಹೋಗಿದ್ದ ತಗಡಿನ ತೂತಿಗೆ ರಬ್ಬರ್ ಬಿರಡೆ ಹಾಕಿದೆ. ಆ ಬಳಿಕ ಎಡೆಬಿಡದೆ ಮಳೆ ಹೊಯ್ದ ಒಂದು ವಾರ ಕಾರು ಶೆಡ್ಡಿನಲ್ಲಿಯೇ ಇದ್ದು, ಟರ್ಮಿನಲ್ ಕಳಚದೆಯೇ ಬ್ಯಾಟರಿ 12.4 ವೋಲ್ಟ್ ಉಳಿಸಿಕೊಂಡಿತ್ತು. ಸೆಲ್ಫ್ ಮೊದಲ ಸಲಕ್ಕೇ ಎತ್ತಿತು. ಹೀಗೆ ಪದೇಪದೇ ತಳಮುಟ್ಟಿದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಅದರ ಆಯಸ್ಸು ಒಂದಿಷ್ಟು ಕಡಿಮೆಯಾಗಿಯೇ ಇರುತ್ತದೆ. ಆದ್ದರಿಂದ ಮುಂದಿನ ಮಳೆಗಾಲಕ್ಕೆ ಮುಂಚೆ ಅದನ್ನು ಲೋಡ್ ಟೆಸ್ಟ್ (ಹೆಚ್ಚು ಕರೆಂಟ್ ಎಳೆದು ನೋಡುವ ಪರೀಕ್ಷೆ) ಮಾಡಿಸಿ, ಬದಲಾಯಿಸಬೇಕೋ ಬೇಡವೋ ಎಂಬುದನ್ನು ಆಗ ತೀರ್ಮಾನಿಸುತ್ತೇನೆ.