ಹಾಸನದ ಹೊಲ, ದುಬೈ ವಿಳಾಸ, ತೆರಿಗೆಯ ಕರಡು ಆದೇಶ

ವಿದೇಶದಲ್ಲಿದ್ದು ಊರಿನ ಜಮೀನು ಮಾರಿದವರಿಗೆ ತೆರಿಗೆ ನೋಟಿಸ್ ಬರುವುದು ಈಗ ಮಾಮೂಲಿ. ದೊಡ್ಡ ಮೊತ್ತದ ನೋಂದಣಿಯ ವಿವರ ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ನೇರವಾಗಿ ಆದಾಯ ತೆರಿಗೆ ಇಲಾಖೆಗೆ ಹೋಗುತ್ತದೆ. ನನಗೂ ಹಾಗೇ ಬಂತು. ನಾನು ದುಬೈಯಲ್ಲಿ ಕೆಲಸ ಮಾಡುತ್ತೇನೆ. ಹಾಸನದಿಂದ ದುದ್ದ ಕಡೆ ಹೋಗುವ ದಾರಿಯಲ್ಲಿ ಅಪ್ಪನಿಂದ ಬಂದ ಹೊಲ ಇತ್ತು. 2021-22ರಲ್ಲಿ ಮಾರಿದೆ. ಗ್ರಾಮೀಣ ಕೃಷಿ ಜಮೀನಾದ್ದರಿಂದ ಲಾಭಕ್ಕೆ ತೆರಿಗೆ ಇಲ್ಲ ಎಂದು ರಿಟರ್ನ್‌ನಲ್ಲಿ ತೋರಿಸಿದ್ದೆ. ಆ ರಿಟರ್ನ್ ಪರಿಶೀಲನೆಗೆ ಆಯ್ಕೆಯಾಯಿತು. 2024ರ ಮಾರ್ಚ್ ಕೊನೆಯಲ್ಲಿ ಅಧಿಕಾರಿಯ ಆದೇಶ ಕೈಗೆ ಬಂತು: ಜಮೀನು ನಗರದಿಂದ 8 ಕಿಲೋಮೀಟರ್ ಒಳಗಿದೆ, ಬೇಸಾಯ ಮಾಡಿದ್ದಕ್ಕೆ ಪುರಾವೆ ಸಾಲದು, ಆದ್ದರಿಂದ ಪೂರ್ತಿ ಲಾಭಕ್ಕೆ ತೆರಿಗೆ ಕಟ್ಟಬೇಕು.

ಹಾಸನದ ನಮ್ಮ ಆಡಿಟರ್‌ಗೆ ಅವತ್ತೇ ಫೋನ್ ಮಾಡಿದೆ. "ಗಾಬರಿ ಆಗ್ಬೇಡಿ ಸಾರ್, ಇದು ಕರಡು ಆದೇಶ. ಆದ್ರೆ ಮೂವತ್ತು ದಿನ ಅಂದ್ರೆ ಮೂವತ್ತೇ ದಿನ," ಎಂದರು.

ಇದು ಅನಿವಾಸಿಗಳಿಗೆ ಇರುವ ಒಂದು ದೊಡ್ಡ ಅನುಕೂಲ. ಊರಲ್ಲೇ ಇರುವವರಿಗೆ ಸಾಮಾನ್ಯವಾಗಿ ನೇರವಾಗಿ ಅಂತಿಮ ಆದೇಶವೇ ಬರುತ್ತದೆ, ಜೊತೆಗೆ ಬಾಕಿ ಕಟ್ಟಿ ಎನ್ನುವ ನೋಟಿಸ್. ಅನಿವಾಸಿಯ ಆದಾಯವನ್ನು ಹೆಚ್ಚಿಸಬೇಕಾದರೆ 1961ರ ಆದಾಯ ತೆರಿಗೆ ಕಾಯ್ದೆಯ 144ಸಿ ಸೆಕ್ಷನ್ ಪ್ರಕಾರ ಮೊದಲು ಕರಡು ಕೊಡಬೇಕು. ಅದಕ್ಕೆ 30 ದಿನದೊಳಗೆ ಡಿಆರ್‌ಪಿ (ಡಿಸ್ಪ್ಯೂಟ್ ರೆಸಲ್ಯೂಷನ್ ಪ್ಯಾನೆಲ್) ಎನ್ನುವ ಮೂವರು ಹಿರಿಯ ಕಮಿಷನರ್‌ಗಳ ಪ್ಯಾನೆಲ್ ಮುಂದೆ ಆಕ್ಷೇಪಣೆ ಹಾಕಬಹುದು. ಪ್ಯಾನೆಲ್ ಬೇಡ ಎಂದರೆ ಅಂತಿಮ ಆದೇಶ ಬರಲಿ ಎಂದು ಬಿಟ್ಟು ಕಮಿಷನರ್ ಅಪೀಲಿಗೂ ಹೋಗಬಹುದು. ನಾನು ಪ್ಯಾನೆಲ್ ದಾರಿ ಹಿಡಿದೆ. ಅದು ಮುಗಿಯುವ ತನಕ ಒಂದು ರೂಪಾಯಿ ಬಾಕಿಯೂ ಹುಟ್ಟುವುದಿಲ್ಲ. ಅಪೀಲಿನಲ್ಲಾದರೆ ವಸೂಲಿ ತಡೆಯಲು ಆಗ ಸಾಮಾನ್ಯವಾಗಿ ಶೇ. 20ರಷ್ಟು ಮೊದಲೇ ಕಟ್ಟು ಎನ್ನುತ್ತಿದ್ದರು. ಪ್ಯಾನೆಲ್ 9 ತಿಂಗಳೊಳಗೆ ನಿರ್ದೇಶನ ಕೊಡಲೇಬೇಕು. ಆದರೆ ಒಂದು ಮಾತು: ಅಧಿಕಾರಿ ಸೇರಿಸಿದ ಮೊತ್ತವನ್ನು ಹೆಚ್ಚಿಸುವ ಅಧಿಕಾರವೂ ಅದಕ್ಕಿದೆ. ಕಾಗದಪತ್ರ ಗಟ್ಟಿ ಇದ್ದವರು ಮಾತ್ರ ಹೋಗಬೇಕು.

ನನ್ನ ಕಾಗದ ಗಟ್ಟಿ ಇದೆಯೇ? ಎರಡೇ ಪ್ರಶ್ನೆ ಇದ್ದದ್ದು, ದೂರ ಮತ್ತು ಬೇಸಾಯ.

ದೂರದ ವಿಷಯದಲ್ಲಿ ಕಾನೂನು ಸ್ಪಷ್ಟ. 2013ರ ತಿದ್ದುಪಡಿ ಆದಮೇಲೆ ಜನಸಂಖ್ಯೆ ನೋಡಿ ಗಡಿ ಹೇಳುತ್ತಾರೆ, ಅದರ ಆಚೆ ಇದ್ದರೆ ಮಾತ್ರ ಗ್ರಾಮೀಣ ಜಮೀನು. 10 ಸಾವಿರದಿಂದ 1 ಲಕ್ಷದವರೆಗಿನ ಊರಾದರೆ 2 ಕಿ.ಮೀ., 10 ಲಕ್ಷದವರೆಗೆ 6, ಅದಕ್ಕೂ ದೊಡ್ಡ ನಗರವಾದರೆ 8. ಹಾಸನ 2011ರ ಜನಗಣತಿಯಲ್ಲಿ 1 ಲಕ್ಷ ದಾಟಿದೆ, 10 ಲಕ್ಷದ ಹತ್ತಿರಕ್ಕೂ ಬಂದಿಲ್ಲ. ಹಾಗಾಗಿ ನಮಗೆ 6. ಅಳೆಯುವುದು ನಗರಸಭೆಯ ಗಡಿಯಿಂದ, ಅದೂ ನೇರ ಗೆರೆಯಲ್ಲಿ. ರಸ್ತೆ ಲೆಕ್ಕ ನಡೆಯುವುದಿಲ್ಲ. ನಮ್ಮ ಹೊಲ ನೇರ ಗೆರೆಯಲ್ಲಿ 6 ಕಿ.ಮೀ. ದಾಟಿ ಸ್ವಲ್ಪವೇ ಆಚೆ ಇತ್ತು. ಅದಕ್ಕೇ ಬರೀ ಮೊಬೈಲ್ ನಕ್ಷೆ ಸಾಕಾಗಲಿಲ್ಲ. ಸರ್ವೆ ಇಲಾಖೆಯ ಸ್ಕೆಚ್ ಮಾಡಿಸಿ, ತಹಶೀಲ್ದಾರ್ ದೃಢೀಕರಣ ಪತ್ರದಲ್ಲಿ 'ನಗರಸಭೆ ಗಡಿಯಿಂದ ನೇರ ದೂರ' ಎಂದೇ ಬರೆಸಿಕೊಂಡೆವು. ಸುಮ್ನೆ 'ಹಾಸನದಿಂದ ಇಷ್ಟು ಕಿ.ಮೀ.' ಎಂದು ಬರೆದ ಪತ್ರ ತಂದರೆ ಪ್ರಯೋಜನವಿಲ್ಲ.

ಬೇಸಾಯದ ಪುರಾವೆ ಹುಡುಕಿದ್ದು ಚಿಕ್ಕಪ್ಪ. ಹೊಲ ನೋಡಿಕೊಳ್ಳುತ್ತಿದ್ದವರು ಅವರೇ. ಪಹಣಿಯಲ್ಲಿ ಆಲೂಗಡ್ಡೆ, ಮುಸುಕಿನ ಜೋಳ ಅಂತ ಬೆಳೆ ನಮೂದಾಗಿತ್ತು. ಆದರೆ ಪಹಣಿಯ ನಮೂದು ವರ್ಷಾನುಗಟ್ಟಲೆ ಹಾಗೇ ಮುಂದುವರಿಯುತ್ತದೆ ಎಂದು ಅಧಿಕಾರಿ ಅದನ್ನು ಪೂರ್ತಿ ನಂಬಿರಲಿಲ್ಲ. "ಚಿಕ್ಕಪ್ಪ, ಎಪಿಎಂಸಿ ಬಿಲ್ಲು ಏನಾದ್ರೂ ಉಳಿದಿದ್ಯಾ?" ಎಂದು ಕೇಳಿದೆ. "ಬಿಸಾಕಕ್ಕೆ ನಂಗೇನು ಹುಚ್ಚಾ ಮಗ? ತಂತಿಗೆ ಚುಚ್ಚಿ ಇಟ್ಟಿದೀನಿ," ಎಂದು ವಿಡಿಯೋ ಕಾಲ್‌ನಲ್ಲಿ ತೋರಿಸಿದರು. ಅಟ್ಟದ ಮೊಳೆಗೆ ನೇತುಹಾಕಿದ ಬಾಗಿದ ತಂತಿ. ಕೆಳಗೆ ಹಳೇವು, ಮೇಲೆ ಹೊಸವು. ದಲ್ಲಾಳಿ ಮಂಡಿಯ ಹಳದಿ ಚೀಟಿಗಳಲ್ಲಿ ಮೂಟೆ ಲೆಕ್ಕ, ತೂಕ, ಹಮಾಲಿ, ತಾರೀಕು ಎಲ್ಲ ಇತ್ತು. ಬಿತ್ತನೆ ಗಡ್ಡೆ ತಂದ ರಸೀದಿ, ಗೊಬ್ಬರದ ಬಿಲ್ಲು ಕೂಡ ಅದೇ ತಂತಿಯಲ್ಲಿ. ಇದರ ಜೊತೆ ರಾಜ್ಯ ಸರ್ಕಾರದ ಬೆಳೆ ಸಮೀಕ್ಷೆಯ ಫೋಟೋಗಳೂ ಸಿಕ್ಕವು. ಯಾವ ಸರ್ವೆ ನಂಬರ್, ಯಾವ ಹಂಗಾಮು ಎನ್ನುವುದು ಅದರಲ್ಲೇ ಇರುತ್ತದೆ. ನನ್ನ ಪ್ರಕಾರ ಪ್ರಕರಣ ನಿಂತಿದ್ದೇ ಆ ತಂತಿಯ ಮೇಲೆ.

ಸಲ್ಲಿಸುವಾಗ ಗಮನಿಸಬೇಕಾದ್ದು ಕೆಲವಿದೆ. ಫಾರಂ 35ಎ ತುಂಬಬೇಕು. ಆಕ್ಷೇಪಣೆ ಇಂಗ್ಲಿಷ್‌ನಲ್ಲೇ ಇರಬೇಕು. ಪಹಣಿ, ಬಿಲ್ಲು ಎಲ್ಲ ಕನ್ನಡದಲ್ಲಿ ಇದ್ದದ್ದರಿಂದ ಒಂದೊಂದಕ್ಕೂ ಅನುವಾದ ಜೋಡಿಸಿದೆವು. ನಾಲ್ಕು ಪ್ರತಿ ಬೇಕು. ಅಧಿಕಾರಿಗೆ ಮೊದಲು ಕೊಟ್ಟಿರದ ದಾಖಲೆಯನ್ನು ಅದೇ ಕಂತೆಗೆ ಸೇರಿಸುವ ಹಾಗಿಲ್ಲ. ಯಾಕೆ ಈಗ ಕೊಡುತ್ತಿದ್ದೇವೆ ಎಂದು ಕಾರಣ ಬರೆದು ಬೇರೆ ಅರ್ಜಿ ಹಾಕಬೇಕು. ಚಿಕ್ಕಪ್ಪನ ಚೀಟಿಗಳು ಹೋದದ್ದು ಹಾಗೆ. ಎಲ್ಲಕ್ಕಿಂತ ಮುಖ್ಯವಾದದ್ದು, ಅದೇ 30 ದಿನದೊಳಗೆ ಆಕ್ಷೇಪಣೆಯ ಪ್ರತಿ ಅಧಿಕಾರಿಗೂ ಮುಟ್ಟಬೇಕು. ಮುಟ್ಟದಿದ್ದರೆ ನೀವು ಒಪ್ಪಿಕೊಂಡಿದ್ದೀರಿ ಅಂದುಕೊಂಡು ಅಂತಿಮ ಆದೇಶ ಮಾಡಿಬಿಡಬಹುದು. ನಮ್ಮ ಆಡಿಟರ್ ಎರಡೂ ಕಡೆ ಖುದ್ದಾಗಿ ಕೊಟ್ಟು, ಸೀಲ್ ಹಾಕಿಸಿಕೊಂಡ ಪ್ರತಿಯ ಫೋಟೋ ಕಳಿಸಿದ ಮೇಲೇ ನನಗೆ ನಿದ್ದೆ ಬಂದದ್ದು.

ನಾನು ಅನಿವಾಸಿ ಅನ್ನುವುದಕ್ಕೂ ಪುರಾವೆ ಇಟ್ಟೆವು. ಆ ವರ್ಷ ಭಾರತದಲ್ಲಿ ಇದ್ದ ದಿನಗಳ ಲೆಕ್ಕ, ಪಾಸ್‌ಪೋರ್ಟಿನ ಮುದ್ರೆ ಇದ್ದ ಪುಟಗಳ ಸಮೇತ. ಅನಿವಾಸಿ ಅಲ್ಲ ಎಂದಾದರೆ ಪ್ಯಾನೆಲ್ ಬಾಗಿಲೇ ಮುಚ್ಚಿಹೋಗುತ್ತದೆ, ಅಲ್ವಾ?

ವಿಚಾರಣೆಗೆ ಆಡಿಟರ್ ಬೆಂಗಳೂರಿಗೆ ಹೋದರು. ಪ್ಯಾನೆಲ್ ಹೊಸ ದಾಖಲೆಗಳ ಬಗ್ಗೆ ಅಧಿಕಾರಿಯಿಂದ ವರದಿ ತರಿಸಿಕೊಂಡಿತು. ದೂರದ ಮಿತಿ 6 ಕಿ.ಮೀ. ಎಂಬುದನ್ನು ಒಪ್ಪಿತು, ಚೀಟಿಗಳನ್ನೂ ಒಪ್ಪಿತು. ಆದರೆ ಹೊಲದಲ್ಲಿದ್ದ ಶೀಟಿನ ಗೋಡೌನಿಗೆ ಕ್ರಯಪತ್ರದಲ್ಲಿ ಬೇರೆ ಬೆಲೆ ಬರೆದಿತ್ತು. ಅದು ಕೃಷಿ ಭೂಮಿಯಲ್ಲ, ಅದರ ಲಾಭಕ್ಕೆ ತೆರಿಗೆ ಇರಲಿ ಎಂದಿತು. ಅಷ್ಟನ್ನು ಬಡ್ಡಿ ಸಮೇತ ಕಟ್ಟಿದೆ. ಪ್ಯಾನೆಲ್ ಹೇಳಿದ್ದನ್ನು ಅಧಿಕಾರಿ ಪಾಲಿಸಲೇಬೇಕು. 2016ರಿಂದ ಇಲಾಖೆ ಅದರ ವಿರುದ್ಧ ನ್ಯಾಯಮಂಡಳಿಗೆ ಹೋಗುವ ಹಾಗೂ ಇಲ್ಲ. ತೆರಿಗೆದಾರ ಮಾತ್ರ ಹೋಗಬಹುದು.

ನನ್ನದು 1961ರ ಕಾಯ್ದೆಯ ಪ್ರಕಾರ ನಡೆದದ್ದು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಹಾಗಾಗಿ ಈಗ ಜಮೀನು ಮಾರುವವರು ಮೇಲಿನ ಸೆಕ್ಷನ್ ನಂಬರ್, ಫಾರಂ ನಂಬರ್ ಹಾಗೇ ಬಳಸಬೇಡಿ, ನಿಮ್ಮ ಆಡಿಟರ್ ಹತ್ತಿರ ಹೊಸವನ್ನು ಕೇಳಿಕೊಳ್ಳಿ. ತಹಶೀಲ್ದಾರ್ ಪತ್ರ, ಸರ್ವೆ ಸ್ಕೆಚ್ ಮಾತ್ರ ಮಾರುವ ಮೊದಲೇ ಮಾಡಿಸಿಡಿ. ಮಾರಿದ ಮೇಲೆ ಬೇರೆಯವರ ಹೊಲಕ್ಕೆ ಅಳತೆ ಕೇಳುವುದು ಬಹಳ ಕಷ್ಟ.