ಪುಶ್ ಗಿಟ್‌ಹಬ್‌ನಲ್ಲಿ, ಒಪ್ಪಿಗೆ ಗಂಜಿನಲ್ಲಿ

ಕಲಬುರಗಿ ಗಂಜಿನ, ಅಂದರೆ ಧಾನ್ಯ ಮಾರುಕಟ್ಟೆಯ, ಕೆಲವು ಅಡತಿ ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ತೂಕದ ಚೀಟಿ, ಹಮಾಲಿ, ರೈತರಿಗೆ ಕೊಡುವ ಲೆಕ್ಕದ ಪಟ್ಟಿ, ಇಷ್ಟೇ. ಕೋಡ್ ಗಿಟ್‌ಹಬ್‌ನಲ್ಲಿದೆ, ಅದು ಕೋಡ್ ಇಡುವ ಆನ್‌ಲೈನ್ ಜಾಗ. ಪ್ರತಿ ಸಣ್ಣ ಬದಲಾವಣೆಗೂ ಸರ್ವರ್‌ಗೆ ಲಾಗಿನ್ ಆಗಿ ಹೊಸ ಕೋಡ್ ಪುಲ್ ಮಾಡುವುದು (ಇಳಿಸಿಕೊಳ್ಳುವುದು) ಸಾಕಾಗಿ, ಗಿಟ್‌ಹಬ್ಬನ್ನು ಎನ್‌ಏಟ್‌ಎನ್ (n8n) ಜೊತೆ ಜೋಡಿಸಿದೆ. ಒಂದರ ಹಿಂದೊಂದು ಕೆಲಸ ತಾನಾಗಿ ನಡೆಸುವ ಸಾಫ್ಟ್‌ವೇರ್ ಅದು. ಜೋಡಿಸುವುದೇನೋ ಸುಲಭ. ಪುಶ್ (ಗಿಟ್‌ಹಬ್‌ಗೆ ನಾನು ಕಳಿಸುವ ಹೊಸ ಕೋಡ್) ಬಂದ ಮೇಲೆ ಏನಾಗಬೇಕು ಅನ್ನುವುದಕ್ಕೇ ಜಾಸ್ತಿ ತಲೆ ಓಡಿಸಬೇಕಾಯಿತು.

ಎನ್‌ಏಟ್‌ಎನ್ ಡಾಕರ್‌ನಲ್ಲಿ (ಸಾಫ್ಟ್‌ವೇರನ್ನು ಡಬ್ಬಿಯಲ್ಲಿಟ್ಟಂತೆ ಪ್ರತ್ಯೇಕವಾಗಿ ಓಡಿಸುವ ವ್ಯವಸ್ಥೆ) ಹಾಕಿದರೆ 5678 ಪೋರ್ಟ್‌ನಲ್ಲಿ ಏಳುತ್ತದೆ. ಆಫೀಸಿನ ಕಂಪ್ಯೂಟರ್‌ನಲ್ಲಿ ಸುಮ್ನೆ ಓಡಿಸಿದರೆ ಗಿಟ್‌ಹಬ್‌ಗೆ ಅದು ಸಿಗುವುದಿಲ್ಲ. ಮೇಲಾಗಿ ಮೇ ತಿಂಗಳ ಬಿಸಿಲಿನಲ್ಲಿ ಇಲ್ಲಿ ಕರೆಂಟ್ ನಂಬಿ ಕೂರಲು ಆಗಲ್ಲ. ಬಾಡಿಗೆಗೆ ಒಂದು ಸಣ್ಣ ಸರ್ವರ್ ಹಿಡಿದೆ. ಅದರ ಮುಂದೆ ಕ್ಯಾಡಿ ಅನ್ನುವ ವೆಬ್ ಸರ್ವರ್ ಸಾಫ್ಟ್‌ವೇರ್ ಕೂರಿಸಿದ್ದರಿಂದ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ತಾನಾಗಿಯೇ ಬಂತು. ಪುಶ್ ಆದಾಗ ಗಿಟ್‌ಹಬ್ ತಾನಾಗಿ ಒಂದು ವಿಳಾಸಕ್ಕೆ ಸುದ್ದಿ ಕಳಿಸುವುದಕ್ಕೆ ವೆಬ್‌ಹುಕ್ ಅನ್ನುತ್ತಾರೆ. ಎನ್‌ಏಟ್‌ಎನ್‌ನ ವೆಬ್‌ಹುಕ್ ಯುಆರ್‌ಎಲ್ ಸೆಟ್ಟಿಂಗ್‌ನಲ್ಲಿ ಹೊರಗಿನ ವಿಳಾಸ ಕೊಟ್ಟೆ.

ಎನ್‌ಏಟ್‌ಎನ್‌ನಲ್ಲಿ ಗಿಟ್‌ಹಬ್ ಟ್ರಿಗರ್ ಅಂತಲೇ ಒಂದು ನೋಡ್ (ಒಂದೊಂದು ಕೆಲಸ ಮಾಡುವ ತುಂಡು) ಇದೆ. ಗಿಟ್‌ಹಬ್‌ನ ಟೋಕನ್ (ಒಳಗೆ ಬಿಡುವ ಕೀಲಿ) ಕೊಟ್ಟರೆ ವೆಬ್‌ಹುಕ್ ಅದೇ ಮಾಡಿಕೊಳ್ಳುತ್ತದೆ. ನಾನು ಅದನ್ನು ಬಳಸಲಿಲ್ಲ. ಸುದ್ದಿ ಕೇಳಿಸಿಕೊಳ್ಳುವುದಕ್ಕೆ ರೆಪೊಸಿಟರಿಯ (ಕೋಡಿನ ಕಣಜದ) ಕೀಲಿ ಯಾಕೆ ಕೊಡಬೇಕು, ಅಲ್ವಾ? ಸಾದಾ ವೆಬ್‌ಹುಕ್ ನೋಡ್ ಇಟ್ಟು, ಅದರ ವಿಳಾಸವನ್ನು ರೆಪೊಸಿಟರಿಯ ಸೆಟ್ಟಿಂಗ್ಸ್‌ನಲ್ಲಿ ನಾನೇ ಅಂಟಿಸಿದೆ. ಅಲ್ಲಿ ಎರಡು ವಿಳಾಸ ಇರುತ್ತವೆ: ಒಂದು ಟೆಸ್ಟ್, ಇನ್ನೊಂದು ಪ್ರೊಡಕ್ಷನ್. ಟೆಸ್ಟ್ ವಿಳಾಸ ಎಡಿಟರ್‌ನಲ್ಲಿ ಕಾಯಿಸುವಷ್ಟು ಹೊತ್ತು ಮಾತ್ರ ಜೀವಂತ, ಹಾಗಾಗಿ ಅಂಟಿಸಬೇಕಾದ್ದು ಪ್ರೊಡಕ್ಷನ್ ವಿಳಾಸ.

ವಿಳಾಸ ಗೊತ್ತಾದರೆ ಯಾರು ಬೇಕಾದರೂ ಸುಳ್ಳು ಪುಶ್ ಕಳಿಸಬಹುದು. ಅದಕ್ಕೇ ಗಿಟ್‌ಹಬ್‌ನಲ್ಲಿ ಒಂದು ಸೀಕ್ರೆಟ್ ಕೊಡಬೇಕು. ಪ್ರತಿ ಸಂದೇಶದ ಹೆಡರ್‌ನಲ್ಲಿ ಎಸ್‌ಎಚ್‌ಎ-256 ಸಹಿ ಬರುತ್ತದೆ. ವೆಬ್‌ಹುಕ್ ನೋಡ್‌ನಲ್ಲಿ ‘ರಾ ಬಾಡಿ’ (ಸಂದೇಶ ಬಂದದ್ದು ಬಂದ ಹಾಗೇ) ಆನ್ ಮಾಡಿ, ಕ್ರಿಪ್ಟೋ ನೋಡ್‌ನಲ್ಲಿ ಅದೇ ಸೀಕ್ರೆಟ್‌ನಿಂದ ಎಚ್‌ಮ್ಯಾಕ್ (ಅದೇ ಬಗೆಯ ಸಹಿ) ತೆಗೆದು ಎರಡನ್ನೂ ತಾಳೆ ನೋಡುತ್ತೇನೆ. ರಾ ಬಾಡಿ ಯಾಕೆ ಅಂದರೆ, ಸಂದೇಶವನ್ನು ಒಮ್ಮೆ ಜೇಸನ್ (JSON) ಡೇಟಾ ಆಗಿ ಬಿಡಿಸಿ ಮತ್ತೆ ಕಟ್ಟಿದರೆ ಒಂದು ಸ್ಪೇಸ್ ಆಚೀಚೆ ಆದರೂ ಸಹಿ ಕೂಡುವುದಿಲ್ಲ. ಆಮೇಲೆ ಬ್ರಾಂಚ್, ಅಂದರೆ ಕೋಡಿನ ಯಾವ ಕವಲಿಗೆ ಪುಶ್ ಆಗಿದೆ ಅಂತ, ನೋಡುವುದು. ಮೇನ್ ಬಿಟ್ಟು ಬೇರೆ ಬ್ರಾಂಚಿನ ಪುಶ್ ಅಲ್ಲೇ ನಿಲ್ಲುತ್ತದೆ.

ಇನ್ನು ಅಸಲು ವಿಷಯ. ಡಿಸೆಂಬರ್ ಕೊನೆಗೆ ಹೊಸ ತೊಗರಿ ಬರಲು ಶುರುವಾದರೆ ಗಂಜಿನಲ್ಲಿ ಕಾಲಿಡಲು ಜಾಗ ಇರಲ್ಲ. ಚೀಲ ತೂಗುತ್ತಿರುವಾಗ ಸಾಫ್ಟ್‌ವೇರ್ ಅರ್ಧ ನಿಮಿಷ ನಿಂತರೂ ಕೌಂಟರ್ ಮುಂದೆ ರೈತರು ಸುಮ್ಮನಿರುತ್ತಾರಾ? ಹಾಗಾಗಿ ಪುಶ್ ಆದ ಕೂಡಲೇ ಅಪ್‌ಡೇಟ್ ಆಗುವಂತೆ ನಾನು ಬಿಡಲಿಲ್ಲ. ಟೆಲಿಗ್ರಾಂ ನೋಡ್‌ನಲ್ಲಿ ಸಂದೇಶ ಕಳಿಸಿ ಉತ್ತರಕ್ಕೆ ಕಾಯುವ ಸೌಲಭ್ಯ ಇದೆ. ಅಂಗಡಿಯ ಗುಮಾಸ್ತರಿಗೆ ಹೋಗುತ್ತದೆ. ಕೆಳಗೆ ಎರಡು ಬಟನ್: ‘ಹಾಕ್ರಿ’, ‘ಈಗ ಬ್ಯಾಡ್ರಿ’.

ಮೊದಲು ಕಮಿಟ್ ಸಂದೇಶವನ್ನೇ (ಕೋಡಿನ ಪ್ರತಿ ಬದಲಾವಣೆಯ ಜೊತೆ ಬರೆಯುವ ಟಿಪ್ಪಣಿ) ಕಳಿಸುತ್ತಿದ್ದೆ. ಗುಮಾಸ್ತರು ಫೋನ್ ಮಾಡಿದರು: “ಸರ್, ಇದ್ರಾಗ ಏನದ ಅಂತ ನಮಗ ಹ್ಯಾಂಗ ಗೊತ್ತಾಗಬೇಕ್ರಿ?” ಅವರು ಕೇಳಿದ್ದು ಸರಿಯೇ. ಈಗ ಕಮಿಟ್‌ನ ಕೊನೆಯ ಸಾಲು ಕನ್ನಡದಲ್ಲಿ ಬರೆಯುತ್ತೇನೆ: ‘ಹಮಾಲಿ ಲೆಕ್ಕದಲ್ಲಿ ಪೈಸೆ ಸರಿಪಡಿಸಿದೆ, ಹಳೆ ಬಿಲ್ ಬದಲಾಗಲ್ಲ’. ಆ ಸಾಲು ಮಾತ್ರ ಅವರಿಗೆ ಹೋಗುತ್ತದೆ. ಹಳೆ ಬಿಲ್ ಬದಲಾಗುತ್ತದೋ ಇಲ್ಲವೋ ಅನ್ನುವುದೇ ಅವರಿಗೆ ಮುಖ್ಯ. ಸಾಮಾನ್ಯವಾಗಿ ಸಂಜೆ ಶಟರ್ ಎಳೆಯುವ ಹೊತ್ತಿಗೆ ‘ಹಾಕ್ರಿ’ ಬರುತ್ತದೆ.

ಹೀಗೆ ಗಂಟೆಗಟ್ಟಲೆ ಕಾಯಬೇಕಾದರೆ ವೆಬ್‌ಹುಕ್ ನೋಡ್ ‘ತಕ್ಷಣ ಉತ್ತರಿಸು’ ಅಂತ ಇರಬೇಕು. ಗಿಟ್‌ಹಬ್ ಕಾಯುವುದು 10 ಸೆಕೆಂಡ್ ಮಾತ್ರ. ಒಪ್ಪಿಗೆ ಸಿಕ್ಕ ಮೇಲೆ ಎಸ್‌ಎಸ್‌ಎಚ್ ನೋಡ್ ಬಿಲ್ಲಿಂಗ್ ಸರ್ವರ್‌ಗೆ ಲಾಗಿನ್ ಆಗಿ ಕೆಲಸ ಮುಗಿಸುತ್ತದೆ. ಅದರ ಲಾಗಿನ್ ಕೀಲಿಗೆ ಒಂದೇ ಒಂದು ಸ್ಕ್ರಿಪ್ಟ್ ಓಡಿಸುವ ಅಧಿಕಾರ ಕೊಟ್ಟಿದ್ದೇನೆ, ಅಷ್ಟೇ.

ನಮ್ಮ ಸರ್ವರ್ ಮಲಗಿದ್ದಾಗ ಪುಶ್ ಬಂದರೆ ಗಿಟ್‌ಹಬ್ ತಾನಾಗಿ ಮತ್ತೆ ಕಳಿಸುವುದಿಲ್ಲ. ‘ರೀಸೆಂಟ್ ಡೆಲಿವರೀಸ್’ನಲ್ಲಿ ಕೆಂಪು ಗುರುತು ಕಂಡರೆ ರೀಡೆಲಿವರ್ ಒತ್ತಬೇಕು. 3 ದಿನ ದಾಟಿದರೆ ಆ ಅವಕಾಶವೂ ಇಲ್ಲ. ಎನ್‌ಏಟ್‌ಎನ್‌ನ ಎನ್‌ಕ್ರಿಪ್ಶನ್ ಕೀ ಕೂಡ ಬೇರೆ ಕಡೆ ಬರೆದಿಟ್ಟುಕೊಳ್ಳಿ. ಸರ್ವರ್ ಹೋದರೆ, ಬ್ಯಾಕಪ್ ಇದ್ದರೂ ಆ ಕೀ ಇಲ್ಲದೆ ಸೇವ್ ಮಾಡಿದ ಪಾಸ್‌ವರ್ಡ್, ಟೋಕನ್ ಯಾವುದೂ ತೆರೆಯುವುದಿಲ್ಲ.